ಖಾಲಿ ಲೋಟ ಹಿಡಿದ ತಾಯಿ

ಆ ಶನಿವಾರ ಬೆಳಿಗ್ಗೆಯೂ ಎಂದಿನಂತೆ ಇಡ್ಲಿ ಬೇಯಲು ಇಟ್ಟು, ಯಜಮಾನರ ಬಿ.ಪಿ. ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿಟ್ಟು, ಬೀರುವಿನ ಮುಂದೆ ನಿಂತೆ. ಹಳೆಯ ಕಾಟನ್ ಸೀರೆ ಬೇಕಿತ್ತು. ಇಸ್ತ್ರಿ ಆಗಿರಬಾರದು, ಸೆರಗಿಗೆ ಪಿನ್ ಇರಬಾರದು. ಮಗನನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಬಂದ ತಾಯಿಯ ಸೆರಗು ನೆಟ್ಟಗಿರುವುದಿಲ್ಲ. ಇಷ್ಟೆಲ್ಲ ಯೋಚಿಸಿ ಸೀರೆ ಆರಿಸುವುದು ಕೆಲವು ವರ್ಷಗಳಿಂದ ನನ್ನ ಕೆಲಸದ ಭಾಗವಾಗಿದೆ.

ಹೆಬ್ಬಾಳದ ಹತ್ತಿರ ಒಂದು ತರಬೇತಿ ಕೇಂದ್ರವಿದೆ. ನರ್ಸುಗಳಿಗೂ ಹೊಸ ವೈದ್ಯರಿಗೂ ಅಲ್ಲಿ ತುರ್ತು ಚಿಕಿತ್ಸೆಯನ್ನು ಪುಸ್ತಕದಿಂದಲ್ಲ, ಕೈಯಾರೆ ಮಾಡಿಸಿ ಕಲಿಸುತ್ತಾರೆ. ರೋಗಿಯ ಜಾಗದಲ್ಲಿ ಮ್ಯಾನಿಕಿನ್ ಎಂಬ ಆಳೆತ್ತರದ ಬೊಂಬೆ ಮಲಗಿರುತ್ತದೆ. ಅದರ ಎದೆ ಏರಿಳಿಯುತ್ತದೆ, ಕತ್ತಿನಲ್ಲಿ ನಾಡಿ ಸಿಗುತ್ತದೆ, ಪಕ್ಕದ ಮಾನಿಟರಿನಲ್ಲಿ ಗೆರೆ ಓಡುತ್ತದೆ. ಇಲ್ಲದಿರುವುದು ಬಂಧುಬಳಗ ಮಾತ್ರ. ಅದಕ್ಕೆ ನನ್ನಂಥವರನ್ನು ಕರೆಯುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ತಾಯಿಯಾಗಿ, ಹೆಂಡತಿಯಾಗಿ, ಅಕ್ಕನಾಗಿ ಅಳುವುದು, ಕೂಗುವುದು, ಅಡ್ಡ ಬರುವುದು ನಮ್ಮ ಪಾಲಿನದು. ಚಿಕ್ಕಂದಿನಲ್ಲಿ ಕಾನ್ವೆಂಟಿನ ನಾಟಕಗಳಿಗೆ ಸಿಸ್ಟರುಗಳು ತಿದ್ದಿ ಕಲಿಸಿದ ಅಭಿನಯ, ಮನೆ ಮಕ್ಕಳು ಎಂದು ಅರ್ಧ ಆಯುಷ್ಯ ಕಳೆದ ಮೇಲೆ ಹೀಗೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಅಂದು ಕೋರ್ಸಿನ ಕೊನೆಯ ದಿನ, ಪರೀಕ್ಷೆ. ಕೋರ್ಸ್ ನಡೆಸುವ ಡಾ. ನಂದಿನಿ ನನ್ನ ಕೈಗೆ ಸ್ಟೀಲ್ ಲೋಟ ಕೊಟ್ಟರು. ನಮ್ಮ ಜನ ಹಾಗೇ ತಾನೇ. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಮೊದಲು ಓಡಿ ಬರುವುದು ನೀರು. ಉಸಿರು ಹೋಗುತ್ತಿದೆ ಎನಿಸಿದರೂ ನೀರೇ. ಗಂಟಲು ಒಣಗಿ ಹೋಗಬಾರದೆಂದು. ಆದರೆ ಪ್ರಜ್ಞೆ ಇಲ್ಲದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ತಾಯಿ ನೀರು ತಂದಾಗ ನರ್ಸ್ ಅವಳನ್ನು ಹೇಗೆ ತಡೆಯುತ್ತಾಳೆ, ಅಷ್ಟರಲ್ಲಿ ಚಿಕಿತ್ಸೆ ನಿಲ್ಲುತ್ತದೆಯೋ ಇಲ್ಲವೋ ಎಂಬುದೇ ಪರೀಕ್ಷೆ. ಬೊಂಬೆಯೊಳಗೆ ವೈರುಗಳಿರುವುದರಿಂದ ಲೋಟ ಖಾಲಿ. ತುಂಬಿದ ಲೋಟದಂತೆ ಅದನ್ನು ತುಳುಕದ ಹಾಗೆ ಹಿಡಿಯಬೇಕಿತ್ತು, ಅಷ್ಟೆ.

ಶಾಹೀನ್ ಎಂಬ ಹುಡುಗಿ ಅಂದು ಬೆಳಿಗ್ಗೆ ಟೀ ಕುಡಿಯುವಾಗ ನನ್ನ ಪಕ್ಕ ಕೂತಿದ್ದಳು. ಆರ್.ಟಿ. ನಗರದವಳು, ಕೊಡಿಗೇಹಳ್ಳಿಯ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಕೆಲಸ. ಅಲ್ಲಿ ಹೊಸದಾಗಿ ಎಮರ್ಜೆನ್ಸಿ ವಿಭಾಗ ತೆರೆಯುವವರಿದ್ದರು. ಈ ಕೋರ್ಸ್ ಪಾಸಾದರೆ ಅದರ ಇನ್‌ಚಾರ್ಜ್ ಇವಳು. ಇಲ್ಲದಿದ್ದರೆ ಹೊರಗಿನಿಂದ ಯಾರನ್ನೋ ತರುತ್ತಾರೆ, ಇವಳು ಮತ್ತೆ ಜನರಲ್ ವಾರ್ಡಿಗೆ. ಇದನ್ನೆಲ್ಲ ಹೇಳುತ್ತಾ ಬಿಸ್ಕೆಟ್ಟನ್ನು ಟೀಯಲ್ಲಿ ಅದ್ದಿ ಹಿಡಿದೇ ಇದ್ದಳು. ಅದು ಮುರಿದು ಕಪ್ಪಿನೊಳಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

ಅವಳ ಸರದಿ ಚೆನ್ನಾಗಿಯೇ ಶುರುವಾಯಿತು. ಒಬ್ಬ ಹುಡುಗ ಬೊಂಬೆಯ ಎದೆ ಒತ್ತುತ್ತಿದ್ದ. ಶಾಹೀನ್ ತಲೆಯ ಕಡೆ ನಿಂತು, ಮೂಗು ಬಾಯಿಗೆ ಮಾಸ್ಕ್ ಹಿಡಿದು, ಆಂಬು ಬ್ಯಾಗ್ ಎಂಬ ರಬ್ಬರ್ ಚೀಲವನ್ನು ಹಿಸುಕಿ ಉಸಿರು ಕೊಡುತ್ತಾ, ಯಾರು ಏನು ಮಾಡಬೇಕೆಂದು ಹೆಸರು ಹಿಡಿದು ಹೇಳುತ್ತಿದ್ದಳು. ದನಿ ನಡುಗಲಿಲ್ಲ. ಆಗ ನಾನು ಲೋಟ ಹಿಡಿದು ನುಗ್ಗಿದೆ. ಒಂದೇ ಒಂದು ಗುಟುಕು ಹಾಕುತ್ತೇನೆ ಬಿಡಮ್ಮಾ ಎಂದು ಅತ್ತೆ. ಶಾಹೀನ್ ನನ್ನ ಮುಖ ನೋಡಿದಳು, ಲೋಟ ನೋಡಿದಳು. ಆಮೇಲೆ ತಾನೇ ಮಾಸ್ಕ್ ಎತ್ತಿ ನನಗೆ ಜಾಗ ಬಿಟ್ಟಳು.

ಪರೀಕ್ಷಕರು ಗಂಟೆ ಬಾರಿಸಿ ನಿಲ್ಲಿಸಿದರು. ಅವಳು ಫೇಲ್. ನಿಯಮದಂತೆ ಮಧ್ಯಾಹ್ನ ಇನ್ನೊಂದೇ ಅವಕಾಶ.

ಊಟದ ಹೊತ್ತಿಗೆ ಅವಳು ಕೈ ತೊಳೆಯುವ ಜಾಗದಲ್ಲಿ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು, ಕೈ ಒಣಗಿತ್ತು. ನಾನು ನಲ್ಲಿ ನಿಲ್ಲಿಸಿ, ಏನಾಯಿತಮ್ಮ ಎಂದೆ.

“ಗೊತ್ತಿಲ್ದೆ ಮಾಡಿದ್ದಲ್ಲ ಆಂಟಿ. ನಮ್ ನಾನಿ ಆಸ್ಪತ್ರೇಲಿ ತೀರ್ಕೊಳ್ಳೋ ಹೊತ್ತಲ್ಲಿ ಅಮ್ಮಿ ಮೆಕ್ಕಾದ ಝಮ್‌ಝಮ್ ನೀರು ತಂದಿದ್ರು. ನರ್ಸ್ ಕೈ ತಳ್ಬಿಟ್ರು. ಅಮ್ಮಿ ಇವತ್ತಿಗೂ ಅದನ್ನೇ ಹೇಳ್ತಾರೆ, ನಮ್ಮಮ್ಮ ಬಾಯಾರ್ಕೊಂಡು ಹೋದ್ಳು ಅಂತ. ಆ ನರ್ಸ್ ಮಾಡಿದ್ದು ಸರಿ ಅಂತ ಈಗ ನಂಗೊತ್ತು. ಆದ್ರೂ ನಿಮ್ ಕೈ ತಳ್ಳೋಕೆ ನಂಗೆ ಬರ್ಲಿಲ್ಲ.”

ಊಟ ಮಾಡು ಎಂದಷ್ಟೇ ಹೇಳಿದೆ. ನಿಜ ಹೇಳಬೇಕೆಂದರೆ, ಮಧ್ಯಾಹ್ನ ಸ್ವಲ್ಪ ಮೆತ್ತಗೆ ಅಳೋಣ, ಎರಡು ಹೆಜ್ಜೆ ಹಿಂದೆಯೇ ನಿಲ್ಲೋಣ ಎಂಬ ಆಸೆ ಮನಸ್ಸಿನಲ್ಲಿ ಸುಳಿಯಿತು. ನಂದಿನಿ ಅದನ್ನು ನನ್ನ ಮುಖದಲ್ಲೇ ಓದಿಬಿಟ್ಟರು.

“ಕರಗ್ಬೇಡಿ ಆಂಟಿ. ಇಲ್ಲಿ ನೀವು ಬಿಟ್ಕೊಟ್ರೆ, ನಾಳೆ ಅಲ್ಲಿ ನಿಜವಾದ ತಾಯಿ ಬಿಟ್ಕೊಡಲ್ಲ.”

ಹಾಗಾಗಿ ಎರಡನೇ ಸಲ ನಾನು ಬೆಳಗಿಗಿಂತ ಹೆಚ್ಚೇ ಗೋಳಾಡಿದೆ. ಬೊಂಬೆಯ ಮುಖದ ತನಕ ಲೋಟ ಚಾಚಿದೆ. ಶಾಹೀನ್‌ಳ ಬಲಗೈ ಚೀಲ ಹಿಸುಕುತ್ತಲೇ ಇತ್ತು, ಎಡಗೈ ಮಾಸ್ಕಿನ ಮೇಲೇ ಇತ್ತು. ಅವಳು ಮೊಣಕೈಯನ್ನು ಮಾತ್ರ ಲೋಟಕ್ಕೂ ಬೊಂಬೆಗೂ ನಡುವೆ ತಂದಳು. ನನ್ನನ್ನು ತಳ್ಳಲಿಲ್ಲ.

“ಅಮ್ಮ, ಈಗ ನೀರು ಹಾಕಿದ್ರೆ ಉಸಿರಿಗೇ ಅಡ್ಡ ಆಗುತ್ತೆ. ಉಸಿರು ಬರ್ಲಿ, ಮೊದಲ್ನೇ ಗುಟುಕು ನೀವೇ ಕುಡಿಸಿ. ಅಲ್ಲೀತನಕ ಆ ಕಡೆ ಬಂದು ಕಾಲು ಹಿಡ್ಕೊಂಡು ಮಾತಾಡಿಸ್ತಾ ಇರಿ.”

ನನಗೆ ಬರೆದುಕೊಟ್ಟ ಮಾತುಗಳು ಅಲ್ಲಿಗೆ ಮುಗಿದಿದ್ದವು. ಮುಂದಿನದು ಎಲ್ಲಿಂದ ಬಂತೋ ಕಾಣೆ. “ಬರ್ದೇ ಹೋದ್ರೆ?” ಎಂದು ಕೇಳಿಬಿಟ್ಟೆ.

ಅವಳು ತಲೆಯೆತ್ತಲಿಲ್ಲ. ಚೀಲ ಒಮ್ಮೆ ಹಿಸುಕಿದಳು. “ಬರ್ದೇ ಹೋದ್ರೂ ಕರೀತೀನಿ ಅಮ್ಮ. ನಿಮ್ ಕೈಯಿಂದ ತುಟಿಗೆ ನೀರು ತಾಗಿಸ್ದೆ ಕಳ್ಸಲ್ಲ.”

ಲೋಟ ಹಿಡಿದ ನನ್ನ ಕೈ ತಾನಾಗಿ ಕೆಳಗಿಳಿಯಿತು. ಅದು ಅಭಿನಯವಾಗಿರಲಿಲ್ಲ. ನಾನು ಆ ಕಡೆ ಹೋಗಿ ರಬ್ಬರಿನ ತಣ್ಣನೆಯ ಪಾದ ಹಿಡಿದು ನಿಂತೆ.

ಅಂದಿನ ಕಥೆಯಲ್ಲಿ ರೋಗಿ ಬದುಕುವಂತಿರಲಿಲ್ಲ. ಮಾನಿಟರಿನ ಗೆರೆ ಏಳಲಿಲ್ಲ. ಪರೀಕ್ಷಕರು ಗಂಟೆ ಬಾರಿಸಿದರು, ಎದೆ ಒತ್ತುತ್ತಿದ್ದ ಹುಡುಗ ಬೆವರು ಒರೆಸಿಕೊಂಡು ನೀರಿನ ಬಾಟಲಿ ಹುಡುಕಿಕೊಂಡು ಹೋದ. ಶಾಹೀನ್ ಹೋಗಲಿಲ್ಲ. ಮಾಸ್ಕ್ ತೆಗೆದು ಪಕ್ಕಕ್ಕಿಟ್ಟಳು, ಬೊಂಬೆಯ ಗಲ್ಲ ಸರಿಮಾಡಿದಳು, ನನ್ನ ಕಡೆ ತಿರುಗಿದಳು.

“ಅಮ್ಮ, ಬನ್ನಿ.”

ಪರೀಕ್ಷೆ ಮುಗಿದಿತ್ತು. ಆದರೂ ನಾನು ಹೋದೆ. ಖಾಲಿ ಲೋಟದ ಅಂಚನ್ನು ಆ ತುಟಿಗೆ ತಾಗಿಸಿದೆ. ಕೋಣೆಯಲ್ಲಿ ಕುರ್ಚಿ ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು.

ಆಮೇಲೆ ಚರ್ಚೆಯಾಯಿತು. ಪರೀಕ್ಷಕರಾಗಿದ್ದ ಹಿರಿಯ ಅರಿವಳಿಕೆ ತಜ್ಞರು, ಅಂಥ ಹೊತ್ತಿನಲ್ಲಿ ಬಂಧುಗಳಿಗೆ ಮಾತು ಕೊಡುವುದು ಸರಿಯೇ ಎಂದು ಕೇಳಿದರು. ಜೀವ ಉಳಿಸುತ್ತೇನೆಂದು ಅವಳು ಹೇಳಲಿಲ್ಲ, ತನ್ನ ಕೈಲಿ ಆಗುವುದನ್ನಷ್ಟೇ ಹೇಳಿದಳು, ಹೇಳುವಾಗ ಕೈಯೂ ನಿಲ್ಲಲಿಲ್ಲ ಎಂದರು ನಂದಿನಿ. ತಜ್ಞರು ಪಾಸ್ ಎಂದು ಬರೆದರು. ಶಾಹೀನ್ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಜಾರಿದ್ದ ನನ್ನ ಸೆರಗನ್ನು ಭುಜದ ಮೇಲೆ ಸರಿಮಾಡಿ, ಅಮ್ಮಿಗೆ ಫೋನ್ ಮಾಡಲು ಹೊರಗೆ ಹೋದಳು.

ಈ ಕೆಲಸದಲ್ಲಿ ಎಷ್ಟೋ ಸಲ ಎಷ್ಟೋ ಜನ ನನ್ನನ್ನು ತಡೆದಿದ್ದಾರೆ. ಬಹಳ ಮಂದಿ ಬಾಗಿಲಾಚೆ ಕಳಿಸುತ್ತಾರೆ, ಅದೂ ತಪ್ಪಲ್ಲ. ಆದರೆ ಅಡ್ಡ ಬರುವ ಬಂಧುವಿನ ಕೈಯಲ್ಲಿ ತೊಂದರೆಯಷ್ಟೇ ಅಲ್ಲ, ಒಂದು ಕರ್ತವ್ಯವೂ ಇರುತ್ತದೆ. ಅದನ್ನು ಕಿತ್ತುಕೊಳ್ಳದೆ ಸ್ವಲ್ಪ ಹೊತ್ತು ಮುಂದಕ್ಕೆ ಹಾಕಬಹುದು. ಇದನ್ನು ನಾನು ಕಲಿತದ್ದು ಅಂದು.

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಗೌರಮ್ಮನವರು ಮೆಟ್ಟಿಲ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಇವತ್ತು ಯಾರಿಗೆ ಅತ್ತು ಬಂದಿರಿ ಎಂದು ಎಂದಿನಂತೆ ಕಾಲೆಳೆದರು. ನಾನು ಅಲ್ಲೇ ಕೂತು, ನಡೆದದ್ದನ್ನು ಚಿಕ್ಕದಾಗಿ ಹೇಳಿದೆ. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನಮ್ಮತ್ತೆ ಆಸ್ಪತ್ರೇಲಿ ತೀರ್ಕೊಂಡಾಗ ಯಾರೂ ಒಳಕ್ಕೆ ಕರೀಲಿಲ್ಲ ಕಣ್ರೀ. ನಮ್ಮೆಜಮಾನ್ರು ನೀರಿನ್ ಬಾಟ್ಲು ಇಡ್ಕೊಂಡು ಬಾಗ್ಲಲ್ಲೇ ನಿಂತಿದ್ರು. ತಗೊಳ್ಳಿ, ಒಂದಿಡಿ ಸೊಪ್ಪು ನೀವೂ ತಗೊಂಡೋಗಿ, ಜಾಸ್ತಿ ಆಗೈತೆ.”