ಭೀಮವ್ವನ ನಾಲ್ಕು ಹನಿ ಕೆಂಪು

ಭೀಮವ್ವ ಬಣ್ಣ ಕಲಸಲು ಕೋಲು ಮುಟ್ಟುತ್ತಿರಲಿಲ್ಲ. ಗಾಜಿನ ಬಳೆಗಳನ್ನು ಮೊಣಕೈಯತ್ತ ಏರಿಸಿ, ಡಬ್ಬಿಯೊಳಗೆ ಕೈಯನ್ನೇ ಇಳಿಸಿ, ರೊಟ್ಟಿ ಹಿಟ್ಟು ನಾದುವವಳಂತೆ ಕಣ್ಣು ಮುಚ್ಚಿ ತಿರುವುತ್ತಿದ್ದಳು. ಆಮೇಲೆ ಬೆರಳಿನಿಂದ ಗೋಡೆಗೆ ಒಂದು ಗೀರು. "ಒಣಗಲಿ ತಡೀರಿ. ಹಸೀ ಬಣ್ಣ ಸುಳ್ಳ ಹೇಳ್ತದ."

ಮರಾಠಿ ನಾಡಿನ ನಿಗಡಿಯ ನಮ್ಮ ಫ್ಲ್ಯಾಟಿಗೆ ಬಣ್ಣ ಬಳಿಯಲು ಬಂದ ತಂಡದಲ್ಲಿ ಅವಳೊಬ್ಬಳೇ ಹೆಂಗಸು, ಯಾದಗಿರಿ ಕಡೆಯವಳು. ತಂಡದ ಯಜಮಾನ ಮುಕಾದಮ ಅವಳನ್ನು ಕರೆತಂದದ್ದು ಗೋಡೆ ಉಜ್ಜಲು, ಬಣ್ಣ ಕಲಸಲು. ರೋಲರ್ ಮಾತ್ರ ಗಂಡಸರದ್ದು.

ಹಾಲ್‌ಗೆ ನನಗೆ ಬೇಕಾದ ಹಸಿರು ಶೇಡ್ ಕಾರ್ಡಿನಲ್ಲಿರಲಿಲ್ಲ. ಅಲ್ಲಿದ್ದವೆಲ್ಲ ಗಿಣಿ, ಇಲ್ಲವೆ ಆಸ್ಪತ್ರೆ. ನೆರಳಲ್ಲಿ ಒಣಗಿಸಿಟ್ಟ ಕರಿಬೇವಿನ ಎಲೆ ತಂದು ತೋರಿಸಿದೆ. ಭೀಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿಯೂ ನೋಡಿದಳು. ಬಿಳಿಗೆ ಹಸಿರು ಸುರಿದು, ಮೇಲೆ ನಾಲ್ಕು ಹನಿ ಕೆಂಪು ಬಿಟ್ಟಾಗ ನಾನು "ಅಯ್ಯೋ" ಎಂದೆ.

"ಹೆದರಬ್ಯಾಡ್ರಿ ಅಕ್ಕಾರ. ಬರೇ ಹಸರು ಭಾಳ ಒದರ್ತದ. ಚೂರು ಕೆಂಪು ಬಿದ್ರ ಸುಮ್ಮನ ಗಟ್ಟಿ ಕೂಡ್ತದ."

ಒಣಗಿದ ಮೇಲೆ ನೋಡಿದರೆ ಅದೇ ಕರಿಬೇವು.

ಮುಕಾದಮ ತನ್ನ ಆಳುಗಳೊಂದಿಗೆ ಬೇರೆ ಸೈಟಿಗೆ ಹೋದ ಮಧ್ಯಾಹ್ನ ರೋಲರನ್ನೂ ಅವಳೇ ಹಿಡಿದಳು. ಒಂದು ಗೋಡೆ ಮುಗಿದಿತ್ತು. ಅಷ್ಟರಲ್ಲಿ ಹತ್ತಿರದ ವಾಕಡದಿಂದ ನನ್ನ ಗಂಡನ ಅಕ್ಕ ಸುಮಕ್ಕ ಬಂದರು, ಅವರ ಹಿಂದೆಯೇ ಮುಕಾದಮ.

"ಏನಿದು, ಪಾಚಿ ಕಟ್ಟಿದ್ಹಂಗ!" ಎಂದರು ಸುಮಕ್ಕ. "ಬರೂ ಮುಂದ ನಮ್ಮ ತಮ್ಮಗ ಫೋನ್ ಮಾಡೇನಿ. ಕ್ರೀಮ್ ಹಚ್ಚಸ್ರಿ ಅಂದಾನ."

ಮುಕಾದಮ ಏಣಿ ತಟ್ಟಿದ. "ಏ ಬಾಯೀ, ಖಾಲೀ ಉತರ! ಇಳಿ ಕೆಳಗ! ನಿನಗ ರೋಲರ್ ಕೊಟ್ಟವ್ರ್ಯಾರು?"

"ಕೈ ಕೊಟ್ಟಾನಲ್ಲ ದೇವ್ರು, ಅಂವನ್ನ ಕೇಳು." ಭೀಮವ್ವ ಇಳಿಯಲಿಲ್ಲ. ಏಣಿಯ ತುದಿಯಲ್ಲಿ ಕೂತು ನನ್ನತ್ತ ತಿರುಗಿದಳು. "ಅಕ್ಕಾರ, ದಿನಾ ಮುಂಜಾನಿಂದ ಸಂಜೀತನ ಈ ಗ್ವಾಡಿ ನೋಡೋರು ಯಾರು?"

"ನಾನು."

"ಕೇಳಸ್ಲಿಲ್ಲರಿ."

ಹತ್ತು ವರ್ಷ ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ದನಿ ನನ್ನದು; ಊಟಕ್ಕೆ ಕರೆದರೆ ಪಕ್ಕದ ಕೋಣೆಗೂ ಕೇಳಿಸದು.

"ನಾನು!" ಎಂದೆ. ನಾನೇ ಬೆಚ್ಚಿದೆ. "ಪೂರಾ ಹಾಲ್ ಇದ ಹಸರು. ಭೀಮವ್ವನ ಹಚ್ಚಬೇಕು, ಬ್ಯಾರೆ ಯಾರೂ ಬ್ಯಾಡ."

ಸುಮಕ್ಕ ಚಹಾ ಅರ್ಧಕ್ಕೇ ಬಿಟ್ಟು ಹೋದರು. ಸಂಜೆ ಚಾಕಣದ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದ ಗಂಡ ಗೋಡೆ ನೋಡಿ, ನನ್ನ ಮುಖ ನೋಡಿ, ಕೈಕಾಲು ತೊಳೆಯಲು ಹೋದರು. ಉಳಿದ ಮೂರು ಗೋಡೆಗಳನ್ನೂ ಭೀಮವ್ವನೇ ಮುಗಿಸಿದಳು.

ಇದಾಗಿ ನಾಲ್ಕು ವರ್ಷ. ಕಳೆದ ತಿಂಗಳು ಸ್ವಿಚ್‌ಬೋರ್ಡಿನ ಪಕ್ಕ ಬಣ್ಣ ಎದ್ದು ಬಂದಾಗ ಅವಳಿಗೆ ಫೋನ್ ಮಾಡಿದೆ. ಆ ನಂಬರ್ ಈಗ ಬೇರಾರದ್ದೋ. ಮುಕಾದಮನನ್ನು ಕೇಳಿದೆ. "ಆಕಿ? ನನ್ನ ಕೂಡ ಜಗಳಾಡಿ ಹೋದ್ಳರಿ. ಈಗ ಆಕೀದ ಸ್ವಂತ ಗ್ಯಾಂಗ್ ಅದ ಅಂತ. ಎಲ್ಲಾ ಹೆಣ್ಮಕ್ಕಳ!" ಅವನ ದನಿಯಲ್ಲಿ ಎಷ್ಟು ಕಹಿ ಇತ್ತೋ ನನಗೆ ಅಷ್ಟೇ ಖುಷಿಯಾಯಿತು.

ನಾನೇ ಬಳೆ ಏರಿಸಿ ಡಬ್ಬಿಯೊಳಗೆ ಕೈ ಇಳಿಸಿದೆ. ಬಿಳಿ, ಹಸಿರು, ನಾಲ್ಕು ಹನಿ ಕೆಂಪು. ಒಣಗಿದ ಮೇಲೆ ತೇಪೆ ತುಸು ಗಾಢವಾಗಿಯೇ ಉಳಿಯಿತು.

ಮೊನ್ನೆ ಬಂದ ಸುಮಕ್ಕ ಮೊದಲು ನೋಡಿದ್ದೇ ಅದನ್ನು. "ಇಲ್ಲೆ ಬ್ಯಾರೆನ ಕಾಣ್ತದಲ್ಲ!"

"ಕಾಣ್ಲಿ ಬಿಡ್ರಿ," ಗಟ್ಟಿಯಾಗಿಯೇ ಎಂದೆ.

ಪಕ್ಕದ ಕೋಣೆಯಲ್ಲಿ ಗಂಡ ಟಿವಿಯ ಸದ್ದು ತಗ್ಗಿಸಿದರು.