ಗತ್ತಿನವರ ಸೆಂಟು

ಹೋದ ತಿಂಗಳು ಇಲ್ಲಿ ಡೆಟ್ರಾಯಿಟ್ ಹತ್ತಿರ ಗೆಳತಿಯೊಬ್ಬಳ ಮನೆಯ ಗೃಹಪ್ರವೇಶವಿತ್ತು. ಚಳಿಗಾಲದಲ್ಲಿ ನಮ್ಮವರ ಮನೆಯಲ್ಲಿ ಜನ ಸೇರಿದರೆ ಕೋಟುಗಳನ್ನೆಲ್ಲ ಗೆಸ್ಟ್ ರೂಮಿನ ಮಂಚದ ಮೇಲೆ ರಾಶಿ ಹಾಕುವುದು ವಾಡಿಕೆ. ಹೊರಡುವಾಗ ನನ್ನ ಕೋಟಿಗಾಗಿ ಆ ರಾಶಿಯಲ್ಲಿ ಕೈಯಾಡಿಸಿದೆ. ಅಡಿಯಲ್ಲಿದ್ದ ಯಾರದೋ ಕೋಟಿನಿಂದ ವಾಸನೆಯೊಂದು ಮೇಲೆದ್ದು ಬಂತು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದ ಹಾಗೆ ಬೆಚ್ಚಗೆ, ಅದರ ಬೆನ್ನಿಗೇ ಹುರಿದ ಕಾಫಿಬೀಜ, ಸ್ವಲ್ಪ ಸೀದ ಬೆಲ್ಲ, ಹೊಗೆ... ಬೇರೆಯವರಾಗಿದ್ದರೆ ಆಹಾ ಎನ್ನುತ್ತಿದ್ದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

ಅದು ನಮ್ಮ ಪಕ್ಕದ ಮನೆಯ ಆಂಟಿಯ ಸೆಂಟು.

ಆಗ ನಾವು ಶಿಕಾಗೋ ಕಡೆ, ಅರೋರಾದಲ್ಲಿದ್ದೆವು. ಒಂದೇ ಬಡಾವಣೆ, ಅವರ ಡ್ರೈವ್‌ವೇ ಪಕ್ಕ ನಮ್ಮ ಡ್ರೈವ್‌ವೇ. ಆಂಟಿ ಮೈಸೂರಿನವರು, ಎತ್ತರದ ಹೆಂಗಸು, ದೇವಸ್ಥಾನಕ್ಕೆ ಬಂದರೆ ದೇವರೇ ಒಂದು ಕ್ಷಣ ಎದ್ದು ನಿಲ್ಲಬೇಕೇನೋ ಎಂಬಂಥ ನಡಿಗೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗಳಲ್ಲಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ, "ಇದು ಬಿಸಿಬೇಳೆಬಾತಾ? ನಾನು ನಿನ್ನೆ ಉಳಿದಿದ್ದು ಅಂದ್ಕೊಂಡೆ" ಎಂದು ನಗುತ್ತಾ ಮುಂದಿನ ಪಾತ್ರೆಗೆ ಹೋಗುತ್ತಿದ್ದರು. ಮಾಡಿಕೊಂಡು ಬಂದವಳು ಬಾತ್‌ರೂಮಿಗೆ ಹೋಗಿ ಕಣ್ಣೊರೆಸಿಕೊಂಡು ಬರಬೇಕು. ಆದರೂ ಅವರಿಲ್ಲದೆ ಯಾವ ಸಮಾರಂಭವೂ ನಡೆಯುತ್ತಿರಲಿಲ್ಲ. ಅವರ ಕೈಲಿ ಒಂದು ಸಲ "ಪರವಾಗಿಲ್ಲ" ಅನ್ನಿಸಿಕೊಳ್ಳಲು ನಾವೆಲ್ಲ ಸಾಯುತ್ತಿದ್ದೆವು, ನಾನೂ ಸೇರಿ.

ಸೆಂಟಿನ ಬಗ್ಗೆ ಒಮ್ಮೆ ಕೇಳಿದ್ದೆ. ತಪ್ಪು ಮಾಡಿದೆ. "ಇದು ಎಲ್ರಿಗೂ ಒಪ್ಪಲ್ಲ ಕಣೇ. ಹೊಗೆ ಥರದ ಸೆಂಟು ಹಾಕ್ಕೊಳ್ಳೋಕೆ ಒಳಗೆ ಗತ್ತು ಇರ್ಬೇಕು. ನಿನ್ನಂಥೋರಿಗೆ ಬೇಬಿ ಪೌಡರ್ರೇ ಲಾಯಕ್ಕು" ಎಂದಿದ್ದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದೆ.

ಆಮೇಲೆ ರಿಸೆಷನ್ ಬಂತು. ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಮಾರಾಟದ ಬೋರ್ಡು. ನನ್ನ ಗಂಡನ ಕೆಲಸ ಹೋಯಿತು. ಎಲ್ಲ ಕಡೆ ಅಪ್ಲೈ ಮಾಡಿ ಕೊನೆಗೆ ಡೆಟ್ರಾಯಿಟ್ ಕಡೆಯ ಕಂಪನಿಯೊಂದು ಕರೆಯಿತು, ಅದೂ ಕಾಂಟ್ರ್ಯಾಕ್ಟ್ ಮೇಲೆ. ಮನೆ ಮಾರೋಣವೆಂದರೆ ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ. ಇವರು ಹೋದರೆ ಒಬ್ಬರೇ ಹೋಗಬೇಕು. ಮಗಳಿಗೆ ಆಗ ನಾಲ್ಕು ವರ್ಷ. ಹೆಲ್ತ್ ಇನ್ಶೂರೆನ್ಸ್ ಇರುವ ಒಂದು ಕೆಲಸ ನನಗೆ ಸಿಕ್ಕಿಬಿಟ್ಟರೆ ಇವರು ಹೋಗಬೇಕಾಗಿಲ್ಲ, ಇಲ್ಲೇ ಕೂತು ನಿಧಾನವಾಗಿ ಹುಡುಕಬಹುದು. ಮೂವರೂ ಒಂದೇ ಸೂರಿನಡಿ ಇರುವುದು ನನ್ನ ಒಂದು ಇಂಟರ್‌ವ್ಯೂ ಮೇಲೆ ನಿಂತಿತ್ತು.

ಆ ಇಂಟರ್‌ವ್ಯೂ ಬಂತು. ಡೌನರ್ಸ್ ಗ್ರೋವ್‌ನಲ್ಲಿ ಆಸ್ತಮಾ, ಅಲರ್ಜಿಯ ಡಾಕ್ಟರೊಬ್ಬರ ಕ್ಲಿನಿಕ್. ಬಿಲ್ಲಿಂಗ್ ಕೆಲಸ, ಫುಲ್ ಟೈಮ್. ಆಂಟಿ ಅದೇ ಕ್ಲಿನಿಕ್‌ನಲ್ಲಿ ಮಧ್ಯಾಹ್ನದ ಹೊತ್ತು ಫ್ರಂಟ್ ಡೆಸ್ಕ್‌ನಲ್ಲಿ ಕೂರುತ್ತಿದ್ದರು. ಖುಷಿಯಿಂದ ಓಡಿಹೋಗಿ ಹೇಳಿದೆ. "ಒಳ್ಳೇದಾಯ್ತು. ಹೋಗೋ ಮುಂಚೆ ಒಂದ್ಸಲ ಇಲ್ಲಿ ಬಂದು ಹೋಗು, ಹೇಗೆ ಕಾಣ್ತೀಯ ನೋಡ್ತೀನಿ" ಎಂದರು. ನನಗಾಗ ಅಮ್ಮನ ನೆನಪಾಯಿತು.

ಇಲ್ಲಿ ನಮ್ಮವರಿಗೆ ಒಂದು ಭಯವಿದೆ. ದೆವ್ವದ್ದಲ್ಲ, ಒಗ್ಗರಣೆಯದು. ಕಿಟಕಿ ತೆಗೆಯಲಾಗದ ಚಳಿಗಾಲದಲ್ಲಿ ಇಂಗಿನ ವಾಸನೆ ಉಣ್ಣೆಗೆ ಹತ್ತಿದರೆ ಹೋಗುವುದಿಲ್ಲ. ಅದಕ್ಕೇ ಗರಾಜಿನಲ್ಲಿ ಒಲೆಯಿಟ್ಟು ಚಳಿಗೆ ಹಲ್ಲು ಕಟಕಟಿಸುತ್ತಾ ಬೋಂಡ ಕರಿಯುವವರಿದ್ದಾರೆ, ಆಫೀಸಿನ ಕೋಟನ್ನು ಕಾರಿನಲ್ಲೇ ಮಲಗಿಸುವವರಿದ್ದಾರೆ. ನಾನೂ ಕೋಟನ್ನು ವಾರವಿಡೀ ಗರಾಜಿನಲ್ಲಿ ನೇತುಹಾಕಿದ್ದೆ. ಆದರೆ ಅವತ್ತು ಬೆಳಿಗ್ಗೆ ಮಗಳು ಹಟ ಹಿಡಿದಳೆಂದು ಒಂದು ಹಿಡಿ ಉಪ್ಪಿಟ್ಟು ಮಾಡಿದ್ದೆ.

ಆಂಟಿ ಬಾಗಿಲು ತೆರೆದವರೇ ನನ್ನ ಕಾಲರಿಗೆ ಮೂಗು ತಂದರು. "ಸಾಸಿವೆ, ಇಂಗು. ನೀನು ಬಾಯಿ ಬಿಡೋ ಮುಂಚೆ ನಿನ್ನ ಅಡುಗೆಮನೆ ಮಾತಾಡುತ್ತೆ ಅಲ್ಲಿ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಳ್ಬೇಡ, ಕಾಡಿಗೆ ಹರಡುತ್ತೆ" ಎಂದು ಒಳಗೆ ಹೋಗಿ ಆ ಸೆಂಟಿನ ಬಾಟಲಿ ತಂದರು. ಕಾಲರಿಗೆ, ತೋಳಿಗೆ, ಕೋಟಿನ ಒಳಗಡೆಗೆ, ಮಫ್ಲರಿಗೆ, ಕೂದಲಿಗೂ ಬಿಡದೆ ಹೊಡೆದರು. "ನನ್ನ ಗತ್ತು ಇವತ್ತೊಂದಿನ ನಿಂದು. ಹೋಗ್ಬಾ" ಎಂದು ಬೆನ್ನು ತಟ್ಟಿದರು.

ಕ್ಲಿನಿಕ್ಕಿನ ಬಾಗಿಲಲ್ಲಿ ಬೋರ್ಡು ಇತ್ತು. ಇಲ್ಲಿ ಉಸಿರಾಟದ ತೊಂದರೆಯವರು ಬರುತ್ತಾರೆ, ದಯವಿಟ್ಟು ಸೆಂಟು ಹಾಕಿಕೊಂಡು ಒಳಗೆ ಬರಬೇಡಿ. ಅದನ್ನು ಓದುವಷ್ಟರಲ್ಲಿ ನಾನು ಒಳಗಿದ್ದೆ. ಕೂತಿದ್ದ ಒಂದು ಮಗು ಕೆಮ್ಮತೊಡಗಿತು, ಅದರ ತಾಯಿ ಗಾಬರಿಯಿಂದ ಇನ್‌ಹೇಲರಿಗಾಗಿ ಬ್ಯಾಗ್ ತಡಕಾಡಿದಳು. ಡೆಸ್ಕಿನಲ್ಲಿದ್ದವಳು ಮೂಗು ಮುಚ್ಚಿಕೊಂಡೇ ನನ್ನನ್ನು ಹೊರಗೆ ಕಳಿಸಿದಳು. ಮೈ ಕೊರೆಯುವ ಚಳಿಯಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಕೋಟು ಬಿಚ್ಚಿ ಕೈಲಿ ಹಿಡಿದು ನಿಂತೆ, ವಾಸನೆ ಹೋದೀತೆಂದು. ಡಾಕ್ಟರೇ ಹೊರಗೆ ಬಂದರು. ಒಳ್ಳೆಯ ಮನುಷ್ಯ. ಬೇರೆ ಕಡೆ ನಿಮಗೆ ಒಳ್ಳೆಯದಾಗಲಿ ಎಂದರು.

ಆಸ್ತಮಾ ಕ್ಲಿನಿಕ್ ಎಂದು ಗೊತ್ತಿದ್ದೂ ನನಗೇಕೆ ಹೊಳೆಯಲಿಲ್ಲವೆಂದು ನೀವು ಕೇಳಬಹುದು. ಇಂಗಿನ ನಾಚಿಕೆ ಮೈಮೇಲೆ ಬಂದಾಗ ಬುದ್ಧಿ ಎಲ್ಲಿರುತ್ತದೆ? ವಾಪಸ್ ಡ್ರೈವ್ ಮಾಡುವಾಗ ಒಂದು ವಿಷಯ ನೆನಪಾಯಿತು. ಆಂಟಿ ಕೆಲಸಕ್ಕೆ ಹೋಗುವ ದಿನ ಅವರಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

ಮುಂದಿನ ಭಾನುವಾರ ಬಾಲಾಜಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಎದುರಿಗೆ ಹೋಗಿ ಕೂತೆ. "ಆ ಬೋರ್ಡು ನಿಮಗೆ ಗೊತ್ತಿರ್ಲಿಲ್ವಾ ಆಂಟಿ?" ಎಂದೆ. ಮರೆತೆ ಎಂದಾದರೂ ಹೇಳುತ್ತಾರೆ, ಅಷ್ಟು ಸುಳ್ಳನ್ನಾದರೂ ಕೊಡುತ್ತಾರೆ ಎಂದುಕೊಂಡಿದ್ದೆ.

"ಗೊತ್ತಿಲ್ದೇ ಏನು? ದಿನಾ ನೋಡ್ತೀನಲ್ಲ" ಎಂದು ದೋಸೆ ಮುರಿದರು. "ನಿಮ್ಮ ಅಂಕಲ್‌ಗೆ ಕೆಲಸ ಹೋಗಿ ಎಷ್ಟು ತಿಂಗ್ಳಾಯ್ತು, ಯಾರಿಗಾದ್ರೂ ಹೇಳಿದೀನಾ? ಆ ಫುಲ್ ಟೈಮ್ ಕೆಲಸ ನಂಗೆ ಬೇಕಿತ್ತು. ಕೊಟ್ರು. ನಿಂಗಿನ್ನೂ ವಯಸ್ಸಿದೆ, ಓಡಾಡು... ಚಟ್ನಿ ಹಾಕ್ಕೋತೀಯಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅವತ್ತೂ ಅವರ ಮೈಯಿಂದ ಅದೇ ಸಾಂಬ್ರಾಣಿಯ ಹೊಗೆ ಘಮ್ಮೆನ್ನುತ್ತಿತ್ತು. ಆ ಸೆಂಟು ಎಂಥವರಿಗೆ ಒಪ್ಪುತ್ತದೆ ಎಂದು ನನಗೆ ಆಗ ಅರ್ಥವಾಯಿತು.

ಇವರು ಡೆಟ್ರಾಯಿಟ್‌ಗೆ ಹೋದರು. ಶುಕ್ರವಾರ ಬಂದು ಭಾನುವಾರ ಹೊರಡುವ ಗಂಡ. ಹಿಮ ಬಿದ್ದರೆ ಅದೂ ಇಲ್ಲ. ಮನೆ ಮಾರಿ ನಾವಿಬ್ಬರೂ ಇತ್ತ ಬಂದು ಸೇರುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು.

ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಗೆ ಅರೋರಾಕ್ಕೆ ಹೋದಾಗ, ಯಾಕೋ ಗೊತ್ತಿಲ್ಲ, ಅವರ ಮನೆಯ ಬೆಲ್ ಒತ್ತಿದೆ. ಅಂಕಲ್ ತೀರಿಕೊಂಡಿದ್ದರು. ಆಂಟಿ ಸೊರಗಿ ಕಡ್ಡಿಯಾಗಿದ್ದರು. ಯಾವುದೋ ಜ್ವರ ಬಂದು ಮೂಗು ಹೋಗಿತ್ತಂತೆ. ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಎಲ್ಲಿಗೋ ಊಟಕ್ಕೆ ಹೊರಟು ಕೋಟು ಹಾಕಿಕೊಂಡಿದ್ದವರು, ನನ್ನ ಕೈ ಹಿಡಿದು ಕೇಳಿದರು: "ನಿಜ ಹೇಳೇ, ನನ್ನಿಂದ ಒಗ್ಗರಣೆ ವಾಸನೆ ಬರ್ತಿದ್ಯಾ?"

ನಾನು ಅವರ ಕಾಲರಿಗೆ ಮೂಗು ತಂದೆ. ಏನೂ ಇರಲಿಲ್ಲ, ಬರೀ ಸೋಪಿನ ವಾಸನೆ. "ಏನೂ ಇಲ್ಲ ಆಂಟಿ, ಚೆನ್ನಾಗಿದೀರಿ" ಎಂದೆ. ಅದು ನಿಜ.

ಅವರು ನನ್ನ ಮುಖವನ್ನೇ ನೋಡಿದರು. "ನಾನಾಗಿದ್ರೆ ನಿಂಗೆ ನಿಜ ಹೇಳ್ತಿರ್ಲಿಲ್ಲ" ಎಂದು ಬಾಟಲಿ ಎತ್ತಿಕೊಂಡು ಹೊಡೆದುಕೊಳ್ಳತೊಡಗಿದರು, ಮತ್ತೆ, ಮತ್ತೆ... ನಾನು ತಡೆಯಲಿಲ್ಲ. ನನಗೆ ಸಂತೋಷವಾಗುತ್ತದೆ ಎಂದುಕೊಂಡೆ, ಆಗಲಿಲ್ಲ.

ಆಂಟಿ ಹೋದ ವರ್ಷ ತೀರಿಕೊಂಡರು. ನಾನು ಅವರನ್ನು ಕ್ಷಮಿಸಿಲ್ಲ, ಸತ್ತರೆಂದು ಈಗ ಕ್ಷಮಿಸಿದ ಹಾಗೆ ನಟಿಸುವುದೂ ಇಲ್ಲ. ಆದರೂ ಆ ಕೋಟುಗಳ ರಾಶಿಯ ಮುಂದೆ ಒಂದು ಗಳಿಗೆ ಕಣ್ಣು ತುಂಬಿತು. ಕೆಳಗಿನಿಂದ ಇವರು "ಕೋಟ್ ಸಿಕ್ತಾ? ಮಗಳ ಫೋನು" ಎಂದು ಕೂಗಿದರು. ಮೆಟ್ಟಿಲಿಳಿಯುತ್ತಾ ಕೇಳಿಸಿಕೊಂಡೆ. ಕಾಲೇಜಿನಲ್ಲಿರುವ ಮಗಳು, ನನ್ನ ಜೊತೆಯಾದರೆ ಗಂಟೆಗಟ್ಟಲೆ ಹರಟುವವಳು, ಸ್ಪೀಕರ್ ಫೋನಿನಲ್ಲಿ ತನ್ನ ಅಪ್ಪನಿಗೆ, ದೂರದ ನೆಂಟರಿಗೆ ಹೇಳುವಂತೆ, "ನೈಸ್ ಟಾಕಿಂಗ್ ಟು ಯೂ, ಡ್ಯಾಡ್. ಈಸ್ ಅಮ್ಮಾ ದೇರ್?" ಎನ್ನುತ್ತಿದ್ದಳು.