ಹೊಂಗೆ ಮರದ ಕೆಳಗೆ ಹಾಕಿದ ಹೊಗೆ

ನಮ್ಮ ಮನೆ ಮಂಡಿಕಲ್ ಕಡೆ. ಹಿತ್ತಲಿನ ಹೊಂಗೆ ಮರದಲ್ಲಿ ಒಂದು ಕೊಂಬೇರಿ ಮೂರ್ಖ ಹಾವು ಇತ್ತು. ಆ ಹೆಸರಿಟ್ಟವರು ಯಾರೋ, ಅದರಲ್ಲಿ ಮೂರ್ಖತನವೇನೂ ನನಗೆ ಕಂಡಿರಲಿಲ್ಲ. ಬೆನ್ನ ಮೇಲೆ ಹಳೇ ಕಂಚಿನ ಚೊಂಬಿನ ಬಣ್ಣ, ಮೈ ನನ್ನ ಕಿರುಬೆರಳಿಗಿಂತ ಕೊಂಚ ದಪ್ಪ. ಬಿಸಿಲೇರುವ ಹೊತ್ತಿಗೆ ಓತಿಕ್ಯಾತ ಹುಡುಕಿಕೊಂಡು ಕೊಂಬೆಯಿಂದ ಕೊಂಬೆಗೆ ಹೊರಡುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಪ್ಪೆ ಕಂಡರೆ ಇಳಿದೂ ಬರುತ್ತಿತ್ತು. ಗಾಬರಿಯಾದಾಗ ಕುತ್ತಿಗೆ ಉಬ್ಬಿಸಿದರೆ ಹುರುಪೆಗಳ ನಡುವೆ ನೀಲಿ ಕಾಣುತ್ತಿತ್ತು. ಅದಕ್ಕೆ ವಿಷವಿಲ್ಲ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಇದು ಗೊತ್ತಿತ್ತು, ಮಕ್ಕಳಿಗೂ ಹೇಳಿದ್ದೆ. ರಜೆಯ ದಿನ ಅದನ್ನು ನೋಡುತ್ತಾ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದ್ದೂ ಉಂಟು.

ಅತ್ತೆಗೆ ಆ ಹಾವೆಂದರೆ ಆಗದು. ಅವರ ತವರು ಗೌರಿಬಿದನೂರಿನ ಆಚೆ, ಆಂಧ್ರದ ಗಡಿ. ಕೊಂಬೇರಿ ಕಚ್ಚಿ ಸುಮ್ಮನೆ ಹೋಗುವುದಿಲ್ಲವಂತೆ. ಮರದ ತುದಿಗೆ ಹತ್ತಿ, ಕಚ್ಚಿಸಿಕೊಂಡವನ ಚಿತೆಯ ಹೊಗೆ ಕಾಣುವವರೆಗೂ ಕಾಯುತ್ತದಂತೆ. "ಅಷ್ಟು ಪುರುಸೊತ್ತು ನಮಗಿದ್ದಿದ್ರೆ ಚೆನ್ನಾಗಿರ್ತಿತ್ತು ಅತ್ತೆ" ಎಂದು ನಾನು ರೇಗಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನಮ್ಮನೆಯವರು, ಪಕ್ಕದ ಬೇವಿನ ಮರಕ್ಕೆ ತಾಗಿದ್ದ ಕೊಂಬೆ ಕಡಿಯಲು ಹೊಂಗೆ ಹತ್ತಿದರು. ಕೊಂಬೆ ಬಿತ್ತು, ಬೆದರಿದ ಹಾವು ಅವರ ಕೈ ಕಚ್ಚಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು, ಸ್ವಲ್ಪ ಹೊತ್ತು ಕೂರಿಸಿಕೊಂಡು, ಏನೂ ಆಗಿಲ್ಲ ಹೋಗಿ ಎಂದರು.

ಮನೆಗೆ ಬಂದರೆ ಅತ್ತೆ ಮರದ ಕೆಳಗೆ ಕೂತಿದ್ದರು. "ದೇವುಡಾ, ಮೇಲೆ ಕೂತ್ಕಂಡು ನನ್ನ ಮಗನ ಹೊಗೆ ಕಾಯ್ತಾ ಐತೆ ಕಣಮ್ಮ. ಅದು ಇಳಿಯೋವರ್ಗೂ ನಾನು ಊಟ ಮಾಡಲ್ಲ." ಸಕ್ಕರೆ ಕಾಯಿಲೆಯ ಹೆಂಗಸು. ಮಗ ಎದುರಿಗೇ ನಿಂತು ನಕ್ಕರೂ ಜಗ್ಗಲಿಲ್ಲ. ಇದಕ್ಕೆ ಅವರ ತವರಿನಲ್ಲಿ ಒಂದು ಉಪಾಯವಿದೆ: ಮರದ ಕೆಳಗೆ ಹುಲ್ಲಿನ ಬೊಂಬೆ ಸುಡುವುದು. ಆಸಾಮಿ ಸತ್ತನೆಂದುಕೊಂಡು ಹಾವು ಇಳಿದು ತನ್ನ ದಾರಿ ಹಿಡಿಯುತ್ತದೆ. ಹಾಗೇ ಆಗಲಿ, ಒಂದಿಷ್ಟು ಹೊಗೆಯಾಡಿದರೆ ಹಾವು ಎತ್ತಲೋ ಹೋಗುತ್ತದೆ, ಅತ್ತೆ ಒಂದು ತುತ್ತು ಉಣ್ಣುತ್ತಾರೆ ಅಂದುಕೊಂಡೆ. ಹಾವೂ ಸಾಯದು, ಕೋಲೂ ಮುರಿಯದು ಎಂಬ ಲೆಕ್ಕ ನನ್ನದು. ರಾಗಿ ಹುಲ್ಲಿನ ಬೊಂಬೆ ಕಟ್ಟಿ, ಹೊಗೆ ಏಳಲೆಂದು ಹಸಿ ಸೊಪ್ಪು ಸೇರಿಸಿ, ಕಡ್ಡಿ ಗೀರಿದವಳು ನಾನೇ.

ಎತ್ತಲೋ ಹೋಗಲು ಅದಕ್ಕೆ ದಾರಿ ಎಲ್ಲಿತ್ತು? ಬೇವಿಗೆ ದಾಟಿಸುತ್ತಿದ್ದ ಕೊಂಬೆಯನ್ನು ನಾವೇ ಕೆಡವಿದ್ದೆವು. ಇದು ನನಗೆ ಹೊಳೆಯಲೇ ಇಲ್ಲ. ಹಾವು ಕಡಿದ ತುದಿಯವರೆಗೆ ಹೋಯಿತು, ಗಾಳಿಯಲ್ಲಿ ತಲೆ ಚಾಚಿತು, ಹಿಂದಿರುಗಿತು. ಮತ್ತೆ ಹೋಯಿತು. ಆಮೇಲೆ ಬೊಡ್ಡೆ ಹಿಡಿದು ನೇರ ನಮ್ಮ ಮುಂದೆಯೇ ಇಳಿಯಿತು. ಪಕ್ಕದ ಮನೆಯ ಯಜಮಾನರು ದೊಣ್ಣೆ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೆ. ನೋಡಿಯೂ ಬಾಯಿ ಬಿಟ್ಟಿರಲಿಲ್ಲ. "ಬೇಡ" ಎನ್ನುವಷ್ಟರಲ್ಲಿ ಏಟು ಬಿದ್ದಾಗಿತ್ತು.

"ನೋಡ್ದ್ಯಾ, ಹೊಗೆ ಕಂಡಿದ್ದೇ ಇಳೀತು" ಎಂದ ಅತ್ತೆ ಒಳಗೆ ಬಂದು ಮುದ್ದೆ ಉಂಡರು. ಅವರು ಉಂಡದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ. ಉಸಿರು ಕಟ್ಟಿಸಿದರೆ ಯಾವ ಜೀವ ತಾನೇ ಇಳಿಯುವುದಿಲ್ಲ?

ಮೊನ್ನೆ ಬೀದಿಯ ಕೊನೆಯ ಮನೆಯಾಕೆ ಬಂದರು. ಅವರ ಹುಣಸೆ ಮರದಲ್ಲೂ ಒಂದು ಕೊಂಬೇರಿ ಕಂಡಿದೆಯಂತೆ. "ಯಾರಿಗೂ ಕಚ್ಚಿಲ್ಲ, ಆದ್ರೂ ಮಕ್ಳು ಓಡಾಡ್ತಾವೆ. ಹುಲ್ಲು ಎಷ್ಟು ಬೇಕಾಗುತ್ತೆ ಮೇಡಂ?" ಎಂದು ಕೇಳಿದರು.

ಅದಕ್ಕೆ ವಿಷವಿಲ್ಲ, ಚಿತೆಯ ಹೊಗೆ ಕಾಯುತ್ತದೆ ಅನ್ನುವುದೆಲ್ಲ ಸುಳ್ಳು, ಅದರ ಪಾಡಿಗೆ ಬಿಟ್ಟುಬಿಡಿ ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. "ಸುಳ್ಳು ಅಂತ ಗೊತ್ತಿದ್ರೆ ನೀವ್ಯಾಕೆ ಹಚ್ಚಿದ್ರಿ?"